ಒಂಬತ್ತು ತಿಂಗಳ ಮನೆ

ಗ್ರೀಸಿನ ದ್ವೀಪಗಳಲ್ಲಿ ಬೇಸಿಗೆ ಬಂತು ಅಂತ ಪ್ರವಾಸಿಗರಿಗೆ ಸಮುದ್ರದ ಬಣ್ಣ ನೋಡಿ ಗೊತ್ತಾಗುತ್ತದಂತೆ. ನಮ್ಮಂಥ ಬಾಡಿಗೆಯವರಿಗೆ ಗೊತ್ತಾಗುವುದು ಮನೆಯೊಡೆಯರ ಕೈಯಲ್ಲಿರುವ ಬಣ್ಣದ ಡಬ್ಬಿ ನೋಡಿ. ಏಪ್ರಿಲ್ ಮುಗಿಯುತ್ತ ಬಂದ ಹಾಗೆ ಊರಿಗೆ ಊರೇ ಬ್ರಷ್ಷು ಹಿಡಿದು ನಿಲ್ಲುತ್ತದೆ. ಕಿಟಕಿ, ಬಾಗಿಲು, ದೋಣಿ, ಹೋಟೆಲಿನ ಕುರ್ಚಿ, ಕೊನೆಗೆ ಮರದ ಬುಡಕ್ಕೂ ಒಂದು ಸುತ್ತು ಸುಣ್ಣ. ನೋಡಲು ಚೆಂದವೇ ಅನ್ನಿ. ಆದರೆ ಮನೆಯೊಡತಿ ಅದೇ ಡಬ್ಬಿ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದು, ಗೋಡೆ ಸವರಿ, ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡಿ, "ಯಾವತ್ತು ಖಾಲಿ ಮಾಡ್ತೀರಿ?" ಎಂದು ನಗುನಗುತ್ತಲೇ ಕೇಳಿದಳೆಂದರೆ ಬೇಸಿಗೆ ಬಂತು ಅಂತಲೇ ಅರ್ಥ.

ನಾನಿರುವುದು ಸೀರೊಸ್ ಎಂಬ ದ್ವೀಪದಲ್ಲಿ. ಕ್ಯಾಲೆಂಡರುಗಳಲ್ಲಿ ನೀವು ನೋಡಿರುವ ನೀಲಿ ಗುಮ್ಮಟದ ಸಂತೊರಿನಿ ಇದಲ್ಲ. ಸಿಕ್ಲಾಡಿಸ್ ಎಂಬ ದ್ವೀಪಗಳ ಗುಂಪಿಗೆ ಇದು ಆಡಳಿತದ ಊರು. ಕೋರ್ಟು ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯದ ಒಂದು ವಿಭಾಗ, ಹಡಗು ರಿಪೇರಿಯ ದೊಡ್ಡ ಯಾರ್ಡು, ಎಲ್ಲ ಇದ್ದು ವರ್ಷವಿಡೀ ದುಡಿಯುವ ಜಾಗ. ವಿಸ್ತೀರ್ಣ 84 ಚದರ ಕಿಲೋಮೀಟರು, ಜನಸಂಖ್ಯೆ ಸುಮಾರು 21 ಸಾವಿರ. ಡೊಂಬಿವಲಿ ಸ್ಟೇಷನ್ನಿನ ಬೆಳಗಿನ ಗರ್ದಿ ಕಂಡ ಕಣ್ಣಿಗೆ ಇದೂ ಒಂದು ಊರೇ ಅನ್ನಿಸಬೇಕಾದರೆ ನನಗೆ ಆರು ತಿಂಗಳು ಹಿಡಿಯಿತು.

ಶಿರಸಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, 1997ರಲ್ಲಿ ಮದುವೆಯಾಗಿ ಮುಂಬಯಿ ಸೇರಿದವಳು ನಾನು. ನಮ್ಮವರು ಹಡಗಿನ ಎಂಜಿನಿಯರು. ವರ್ಷದಲ್ಲಿ ಆರು ತಿಂಗಳು ನೀರ ಮೇಲೆ, ಆರು ತಿಂಗಳು ಡೊಂಬಿವಲಿಯಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಇದ್ದರೆ ಮಗನನ್ನು ಎತ್ತಿಕೊಂಡು ಲೋಕಲ್ ಹಿಡಿದು ಹೋಗಿಬರುತ್ತಿದ್ದ ದಿನಗಳವು. ಇನ್ನು ಹಡಗು ಸಾಕು ಅಂತ ಅವರಿಗೆ ಅನ್ನಿಸುವ ಹೊತ್ತಿಗೆ ದಡದ ಮೇಲಿನ ಕೆಲಸವೊಂದು ಸಿಕ್ಕಿತು. ರಿಪೇರಿಗೆ ಬರುವ ಹಡಗುಗಳ ಉಸ್ತುವಾರಿ. ಯಾರ್ಡು ಇಲ್ಲಿ, ಸೀರೊಸ್‌ನಲ್ಲಿ. ನಿಯೋರಿಯನ್ ಎಂದು ಅದರ ಹೆಸರು, 1861ರಷ್ಟು ಹಳೆಯದು. 1970ರ ದಶಕದಲ್ಲಿ ಇದೇ ಯಾರ್ಡಿನವರು ಎನ್‌ಫೀಲ್ಡ್ 8000 ಎಂಬ ಬ್ಯಾಟರಿ ಕಾರನ್ನೂ ಮಾಡಿದ್ದರಂತೆ. ಈಗ ಎಲ್ಲರೂ ಬ್ಯಾಟರಿ ಕಾರಿನ ಮಾತಾಡುವಾಗ ನಮ್ಮವರು ಈ ಕತೆಯನ್ನು ತಮ್ಮದೇ ಸಾಧನೆ ಎಂಬಂತೆ ಹೇಳುತ್ತಾರೆ. ಹೇಳಲಿ ಬಿಡಿ.

2023ರ ಸೆಪ್ಟೆಂಬರಿನಲ್ಲಿ ಪಿರೇಯಸ್ ಬಂದರಿನಿಂದ ಹಡಗು ಹತ್ತಿ, ನಾಲ್ಕು ಗಂಟೆ ಸಮುದ್ರ ನೋಡಿ, ಎರ್ಮೂಪೊಲಿಯಲ್ಲಿ ಇಳಿದಾಗ ಊರು ಬಿಕೋ ಎನ್ನಲು ಶುರುವಾಗಿತ್ತು. ಮನೆ ಥಟ್ಟನೆ ಸಿಕ್ಕಿತು. ಎರಡು ಕೋಣೆ, ಎತ್ತರದ ಚಾವಣಿ, ಅಡುಗೆಮನೆಯ ಕಿಟಕಿಯಲ್ಲಿ ಒಂದು ಅಂಗೈಯಷ್ಟು ಸಮುದ್ರ. ಮನೆಯೊಡತಿ ಸೆಪ್ಟೆಂಬರಿನಿಂದ ಮೇ ಅಂದಳು. ಒಂಬತ್ತು ತಿಂಗಳು.

ಫೋನಿನಲ್ಲಿ ಹೇಳಿದಾಗ ಅಮ್ಮ ನಕ್ಕಳು. "ಒಂಬತ್ತು ತಿಂಗಳಾ? ಅದೆಂತಾ ಬಸರಿ ಲೆಕ್ಕವನೆ?"

ನನಗೆ ನಗು ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಮುಂಬಯಿಯಲ್ಲಿ ಬಾಡಿಗೆಗಿದ್ದವರಿಗೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಗೊತ್ತೇ ಇದೆ. ಸ್ವಂತ ಫ್ಲ್ಯಾಟು ಅಂತ ಆಗುವ ಮುಂಚೆ ನಾವು ಕಲ್ಯಾಣ, ಠಾಕುರ್ಲಿ, ಡೊಂಬಿವಲಿ ಪೂರ್ವ, ಡೊಂಬಿವಲಿ ಪಶ್ಚಿಮ ಅಂತ ಆರು ಮನೆ ಬದಲಿಸಿದ್ದೇವೆ. ಗೋಡೆಗೆ ಮೊಳೆ ಹೊಡೆಯಬಾರದು, ಹತ್ತನೇ ತಿಂಗಳಿಗೆ ದಲಾಲಿಗೆ ಫೋನು ಮಾಡಬೇಕು, ರಟ್ಟಿನ ಡಬ್ಬಗಳನ್ನು ಎಸೆಯದೆ ಮಂಚದ ಕೆಳಗೆ ಮಡಚಿಡಬೇಕು. ಈ ವಿದ್ಯೆಯಲ್ಲಿ ನಾನು ಪದವೀಧರೆ. ಒಂದೇ ವ್ಯತ್ಯಾಸ ನೋಡಿ. ಅಲ್ಲಿ ಒಂದು ಮನೆ ಬಿಟ್ಟರೆ ಇನ್ನೊಂದು ಇರುತ್ತಿತ್ತು, ಒಂದು ಸ್ಟೇಷನ್ನು ಆಚೆಗಾದರೂ. ಇಲ್ಲಿ ಜೂನ್ ಬಂತೆಂದರೆ ಇಡೀ ದ್ವೀಪದಲ್ಲಿ ಇರುವವರಿಗೆ ಮನೆಯಿಲ್ಲ, ಬರುವವರಿಗೆ ಮಾತ್ರ. ವಾಸದ ಮನೆಯ ಕರಾರು ಕನಿಷ್ಠ ಮೂರು ವರ್ಷದ್ದಿರಬೇಕೆಂದು ಇಲ್ಲಿನ ಕಾನೂನೇ ಹೇಳುತ್ತದೆ. ಆದರೆ ತಿಂಗಳಿಡೀ ನಾವು ಕೊಡುವ ಬಾಡಿಗೆಯನ್ನು ಆಗಸ್ಟಿನಲ್ಲಿ ಪ್ರವಾಸಿಗರು ನಾಲ್ಕೈದು ರಾತ್ರಿಗೆ ಕೊಟ್ಟು ಹೋಗುವಾಗ ಕಾನೂನಿನ ಪುಸ್ತಕವನ್ನು ಯಾರು ಬಿಚ್ಚುತ್ತಾರೆ? ನಾವು ಬಿಚ್ಚಲಿಲ್ಲ. ಪರವಾನಗಿಗೆ ಅರ್ಜಿ ಹಾಕಿ, ಅಸಲಿಯ ಬದಲು ಒಂದು ರಸೀದಿ ಹಿಡಿದು ಓಡಾಡುವವರು ಮನೆಯೊಡೆಯರ ಜೊತೆ ಜಗಳಕ್ಕೆ ಇಳಿಯುವುದಿಲ್ಲ.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬಳು ಶಾಲಾ ಟೀಚರು. ಥೆಸ್ಸಲೊನಿಕಿಯ ಹುಡುಗಿ, ಅಪ್ಪಟ ಗ್ರೀಕಳು, ಸರ್ಕಾರಿ ನೌಕರಿ. ಅವಳಿಗೂ ಮೇ 31ಕ್ಕೆ ಗಡುವು. ಇಲ್ಲಿ ಪ್ರಾಥಮಿಕ ಶಾಲೆ ಮುಗಿಯುವುದು ಜೂನ್ ಮಧ್ಯಕ್ಕೆ. ಆ ಎರಡು ವಾರ ಅವಳು ಸಹೋದ್ಯೋಗಿಯೊಬ್ಬಳ ಮನೆಯ ಸೋಫಾದ ಮೇಲೆ ಮಲಗಿ ಎದ್ದು ಮಕ್ಕಳಿಗೆ ಪಾಠ ಮಾಡಿದಳು. ಸಂತೊರಿನಿ, ಮಿಕೊನೊಸ್‌ಗಳಲ್ಲಿ ಟೀಚರಿಗೆ, ಡಾಕ್ಟರಿಗೆ ಮನೆ ಸಿಗದ ಸುದ್ದಿ ಅಲ್ಲಿಯ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ಆ ಹುಡುಗಿ ಗ್ಯಾಸ್ ಒಲೆಯನ್ನು ತಬ್ಬಿಕೊಂಡು ಮೆಟ್ಟಿಲಿಳಿಯುವುದನ್ನು ಕಂಡ ಮೇಲೆ, 'ನಾವು ಹೊರಗಿನವರು, ಅದಕ್ಕೇ ಹೀಗೆ' ಎಂಬ ನನ್ನ ಸ್ವಾನುಕಂಪಕ್ಕೆ ಅರ್ಥ ಉಳಿಯಲಿಲ್ಲ.

ಮೇ ತಿಂಗಳು ಹಾಗೆ ಮನೆ ಹುಡುಕುವುದರಲ್ಲೇ ಹೋಯಿತು ಅಂದುಕೊಳ್ಳಬೇಡಿ. ಅದು ಇಲ್ಲಿಯ ಅತಿ ಚೆಂದದ ತಿಂಗಳು, ಹೊಟ್ಟೆಯುರಿ ಅಂದರೆ ಅದೇ. ಮೊದಲ ತಾರೀಖಿನಂದು ಜನ ಕಾಡುಹೂಗಳ ಹಾರ ಕಟ್ಟಿ ಬಾಗಿಲಿಗೆ ತೂಗುಹಾಕುತ್ತಾರೆ. ತಿಂಗಳ ಮೊದಲ ದಿನ ಸಿಕ್ಕವರಿಗೆಲ್ಲ 'ಕಾಲೊ ಮೀನಾ' ಅನ್ನುತ್ತಾರೆ, ಒಳ್ಳೆಯ ತಿಂಗಳಾಗಲಿ ಅಂತ. 2024ರಲ್ಲಿ ಮೇ 5ಕ್ಕೆ ಈಸ್ಟರ್ ಬಂದು ಎರಡೂ ಸೇರಿಕೊಂಡವು. ಈ ದ್ವೀಪದಲ್ಲಿ ಕ್ಯಾಥೊಲಿಕ್ಕರೂ ಆರ್ಥೊಡಾಕ್ಸರೂ ಇದ್ದಾರೆ, ಬೇರೆ ಎಷ್ಟೋ ದೇಶಗಳಲ್ಲಿ ಅವರವರ ಈಸ್ಟರ್ ಅವರವರಿಗೆ. ಇಲ್ಲಿ ಕ್ಯಾಥೊಲಿಕ್ಕರೂ ಆರ್ಥೊಡಾಕ್ಸರ ಪಂಚಾಂಗಕ್ಕೆ ಹೊಂದಿಕೊಂಡು ಒಂದೇ ದಿನ ಹಬ್ಬ ಮಾಡುತ್ತಾರೆ. ಸ್ಮಾರ್ತ-ವೈಷ್ಣವರ ಏಕಾದಶಿ ತಕರಾರು ಕೇಳಿ ಬೆಳೆದವಳಿಗೆ ಇದು ಸಣ್ಣ ಪವಾಡವೇ.

ನನ್ನ ಸ್ವಂತ ಬೇಸಿಗೆ ಶುರುವಾಗುವುದು ಸೊಪ್ಪಿನ ಅಂಗಡಿಯಲ್ಲಿ. ಮೊದಲ ವರ್ಷ ಮೇ ಕೊನೆಯಲ್ಲಿ ಅಂಗಡಿಯ ಮುಂದೆ ಕಟ್ಟು ಕಟ್ಟಾಗಿ ಒಂದು ಸೊಪ್ಪು ಬಂತು. ಎತ್ತಿ ಮೂಸಿದೆ. ಹರಿವೆ! ಅನುಮಾನವೇ ಇಲ್ಲ. ಇಲ್ಲಿಯವರು ವ್ಲೀತಾ ಅನ್ನುತ್ತಾರೆ. ಬೇಯಿಸಿ ಲಿಂಬೆರಸ, ಆಲಿವ್ ಎಣ್ಣೆ ಹಾಕಿ ತಿನ್ನುತ್ತಾರೆ. 'ವ್ಲೀತೊ' ಅಂದರೆ ದಡ್ಡ ಅಂತಲೂ ಬೈಗುಳ ಉಂಟು, ಪಾಪದ ಸೊಪ್ಪು ಏನು ಮಾಡಿತ್ತೋ. ಇನ್ನೊಂದು ವಾರಕ್ಕೆ ಗೋಣಿಸೊಪ್ಪೂ ಕಾಣಿಸಿತು, ಅದಕ್ಕೆ ಇಲ್ಲಿ ಗ್ಲಿಸ್ತ್ರೀಡಾ ಅಂತ ಹೆಸರು. ಫಾವಾ ಎಂಬ ಹಳದಿ ಬೇಳೆ ಬೇಯಿಸಿ, ಡೊಂಬಿವಲಿಯಿಂದ ಹೊತ್ತು ತಂದ ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು, ಆ ದಿನ ಹರಿವೆ ಹುಳಿ ಮಾಡಿದೆ. ನಮ್ಮವರು ಎರಡು ಸಲ ಬಡಿಸಿಕೊಂಡು, "ಇಷ್ಟು ದಿನ ಇದನ್ನು ಎಲ್ಲಿ ಬಚ್ಚಿಟ್ಟಿದ್ದೆ?" ಅಂದರು.

ಆ ಅಂಗಡಿಯಲ್ಲಿ ಕೆಲಸಕ್ಕಿರುವವನು ಬಾಂಗ್ಲಾದೇಶದ ಹುಡುಗ. ಸಿನೆಮಾ ನೋಡಿ ಕಲಿತ ಹಿಂದಿ ಅವನದು, ಲೋಕಲ್ ಟ್ರೇನಿನಲ್ಲಿ ಕಲಿತದ್ದು ನನ್ನದು. ವ್ಯಾಕರಣ ಕೇಳಬೇಡಿ. "ಆಂಟೀ, ಘರ್ ಮಿಲಾ ಕ್ಯಾ?" ಅಂತ ದಿನಾ ವಿಚಾರಿಸುತ್ತಿದ್ದ. ನಿನ್ನದು ಹೇಗಪ್ಪಾ ಅಂದರೆ, ಸೀಸನ್ನಿನಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಅಂದ. ಪಾಳಿಯಲ್ಲಿ ಮಲಗುತ್ತಾರಂತೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹಗಲು ಟೇಬಲ್ಲು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮುಚ್ಚಿದ ಹೋಟೆಲಿನ ಅದೇ ಟೇಬಲ್ಲಿನ ಮೇಲೆ ಮಲಗುತ್ತಿದ್ದ ನಮ್ಮ ಕಡೆಯ ಹುಡುಗರ ಕತೆ ನನಗೆ ನೆನಪಾಯಿತು. ಅವರನ್ನು ಯಾರೂ 'ಎಕ್ಸ್‌ಪ್ಯಾಟ್' ಅನ್ನಲಿಲ್ಲ. ಇಲ್ಲಿಯೂ ಆ ಶಬ್ದ ಎಲ್ಲರಿಗಲ್ಲ. ಪಿಂಚಣಿ ಹಿಡಿದು ಮನೆ ಕೊಂಡುಕೊಳ್ಳಲು ಬಂದ ಇಂಗ್ಲಿಷರು, ಜರ್ಮನ್ನರು ಎಕ್ಸ್‌ಪ್ಯಾಟುಗಳು. ಅವರ ಗೋಡೆ ಕಟ್ಟುವ ಅಲ್ಬೇನಿಯದವನು ವಲಸಿಗ. ಟೊಮೇಟೊ ತೂಗುವ ಬಾಂಗ್ಲಾದ ಹುಡುಗನಿಗೆ ಹೆಸರೇ ಇಲ್ಲ. ನಾನು ಯಾವ ಪಟ್ಟಿಯಲ್ಲಿ ಬರುತ್ತೇನೆ ಅಂತ ಕೆಲವೊಮ್ಮೆ ಯೋಚಿಸುವುದುಂಟು. ನಮ್ಮವರು ಹೆಲ್ಮೆಟ್ಟು ಹಾಕಿ ಯಾರ್ಡಿಗೆ ಹೊರಟಾಗ ಒಂದು, ನಾನು ಸೊಪ್ಪಿನ ಚೀಲ ಹಿಡಿದು ಬರುವಾಗ ಇನ್ನೊಂದು ಇರಬಹುದು.

ಗ್ರೀಕರಲ್ಲಿ ಇದಕ್ಕೆಲ್ಲ ಸೇರಿ ಒಂದೇ ಮಾತಿದೆ, ಕ್ಸೆನೊಸ್, ಹೆಂಗಸಾದರೆ ಕ್ಸೆನಿ. ಅಪರಿಚಿತ, ಪರದೇಶದವ, ಅತಿಥಿ, ಮೂರೂ ಅರ್ಥ ಅದಕ್ಕೆ. ಪರಊರಿನ ವಾಸಕ್ಕೆ ಕ್ಸೆನಿತ್ಯಾ ಅನ್ನುತ್ತಾರೆ, ಅದನ್ನು ಹೇಳುವಾಗ ಮುದುಕಿಯರ ದನಿ ಇಳಿಯುತ್ತದೆ. ನಮ್ಮಲ್ಲಿ 'ಪರದೇಶಿ' ಅಂದರೆ ಏನು? ದಿಕ್ಕಿಲ್ಲದವ. 'ಪರದೇಶಿ ಹಾಂಗೆ ಕೂತ್ಕಂಡಿದ್ದ' ಅಂತ ನನ್ನಜ್ಜಿ ಹೇಳುತ್ತಿದ್ದಳು, ಅವಳ ಪರದೇಶಿ ಶಿರಸಿ ಪೇಟೆ ದಾಟಿದವನೂ ಅಲ್ಲ. ಹೊರಗಿನವನನ್ನು ಕಂಡು ಒಂದು ಭಾಷೆಗೆ ಅತಿಥಿ ನೆನಪಾಗುತ್ತಾನೆ, ಇನ್ನೊಂದಕ್ಕೆ ಅನಾಥ. ಯಾವುದು ಹೆಚ್ಚು ನಿಜ ಎಂದು ನನ್ನನ್ನು ಕೇಳಿದರೆ, ಅದು ತಿಂಗಳನ್ನು ಅವಲಂಬಿಸಿದೆ ಅಂತೇನೆ. ಅಕ್ಟೋಬರಿನಲ್ಲಿ ನಾನು ಅತಿಥಿ, ಮೇ ತಿಂಗಳಲ್ಲಿ ಪರದೇಶಿ.

ಮೇ 20 ದಾಟಿತು. ಕೇಳಿದ ಕಡೆಯಲ್ಲೆಲ್ಲ "ಸೆಪ್ಟೆಂಬರಿಗೆ ಬನ್ನಿ" ಎಂಬ ಉತ್ತರ. ನಾನು ಮೂರು ತಿಂಗಳು ಊರಿಗೆ ಹೋಗಿ ಬರುವುದು, ಅವರು ಯಾರ್ಡಿನ ಹತ್ತಿರ ಯಾರ ಕೋಣೆಯಲ್ಲಾದರೂ ತಲೆ ಹಾಕುವುದು ಅಂತ ತೀರ್ಮಾನಕ್ಕೆ ಬಂದೆವು. ಇಪ್ಪತ್ತು ವರ್ಷ ಆರು ತಿಂಗಳಿಗೊಮ್ಮೆ ಬೇರೆಯಾಗಿ ಬದುಕಿದ ಗಂಡಹೆಂಡಿರಿಗೆ ಇದೇನು ಹೊಸದಲ್ಲ. ಆದರೆ ಇನ್ನು ಜೊತೆಗಿರಬೇಕು ಅಂತಲೇ ಅಲ್ಲವೇ ಡೊಂಬಿವಲಿಯ ಮನೆಗೆ ಬೀಗ ಹಾಕಿ ಬಂದದ್ದು? ಆ ರಾತ್ರಿ ಅವರು ಟಿಕೆಟಿನ ದರ ನೋಡುತ್ತ ಕೂತವರು ಹಾಗೇ ಲ್ಯಾಪ್‌ಟಾಪು ಮುಚ್ಚಿ ಎದ್ದು ಹೋಗಿ ಜಗಲಿಯಲ್ಲಿ ನಿಂತರು. ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಮನೆ ಸಿಕ್ಕಿದ್ದು ಕಾಪರಿಯಿಂದ. ಎರ್ಮೂಪೊಲಿಯ ಹಿಂದೆ ಗುಡ್ಡದ ಮೇಲೆ ಆನೊ ಸೀರೊಸ್ ಅಂತ ಹಳೆಯ ಊರು, ಕ್ಯಾಥೊಲಿಕ್ಕರದ್ದು. ಮೆಟ್ಟಿಲುಗಳೇ ಬೀದಿ, ಕಾರು ಒಳಗೆ ಬರುವುದಿಲ್ಲ. ಸಂಜೆ ವಾಕಿಂಗಿಗೆ ನಾನು ಅಲ್ಲಿ ಹತ್ತುತ್ತಿದ್ದೆ. ಕಲ್ಲುಗೋಡೆಯ ಸಂದಿಯಲ್ಲಿ ಜೋತುಬಿದ್ದ ಗಿಡದಿಂದ ಒಬ್ಬ ಅಜ್ಜಿ ಪುಟ್ಟ ಮೊಗ್ಗುಗಳನ್ನು ಕೊಯ್ಯುತ್ತಿದ್ದರು. ಅದೇ ಕಾಪರಿ. ಹೂವಾಗುವ ಮುಂಚೆ ಮೊಗ್ಗನ್ನೇ ಕೊಯ್ಯಬೇಕು. ಕಹಿ ಹೋಗಲು ಕೆಲವು ದಿನ ನೀರು ಬದಲಿಸುತ್ತ ನೆನೆಹಾಕಿ, ಆಮೇಲೆ ಉಪ್ಪಿಗೆ ಹಾಕುತ್ತಾರೆ. ಮುಳ್ಳಿನ ಗಿಡ, ಬಗ್ಗಿ ಬಗ್ಗಿ ಅವರ ಸೊಂಟ ಹಿಡಿದಿತ್ತು. ನಾನು ಚೀಲ ಹಿಡಿದು ನಿಂತೆ, ಆಮೇಲೆ ಕೊಯ್ದೂ ಕೊಟ್ಟೆ. ಅಪ್ಪೆಮಿಡಿಯ ಸೀಮೆಯವಳಿಗೆ ಉಪ್ಪು ಹಾಕುವ ಕೆಲಸ ಯಾರೂ ಕಲಿಸಬೇಕಿಲ್ಲ. ನಾಲ್ಕು ದಿನ ಹೋದೆ. ಐದನೇ ದಿನ, "ನೀನು ಎಲ್ಲಿರುವುದು ಕೊರೀತ್ಸಿ ಮು?" ಅಂದರು. ಕೊರೀತ್ಸಿ ಮು ಅಂದರೆ ನನ್ನ ಹುಡುಗಿ ಅಂತ. ಐವತ್ತು ದಾಟಿದ ನನಗೆ ಅದು ನಮ್ಮಮ್ಮ 'ಕೂಸೇ' ಅಂದ ಹಾಗೇ ಕೇಳಿಸಿತು. ನನ್ನ ಮುರುಕು ಗ್ರೀಕಿನಲ್ಲಿ, ಹನ್ನೊಂದು ದಿನ ಮನೆ ಇದೆ, ಆಮೇಲೆ ಇಲ್ಲ ಅಂದೆ. ಕ್ರಿಯಾಪದಗಳು ಕೈಕೊಟ್ಟಿದ್ದರಿಂದ ಅದು ನಾನು ಅಂದುಕೊಂಡದ್ದಕ್ಕಿಂತ ಕರುಣಾಜನಕವಾಗಿ ಕೇಳಿರಬೇಕು.

ಯಾಯಾ (ಅಜ್ಜಿಗೆ ಇಲ್ಲಿ ಹಾಗನ್ನುತ್ತಾರೆ) ತಮ್ಮ ಮನೆಯ ಕೆಳಗಿನ ಭಾಗ ತೆರೆದು ತೋರಿಸಿದರು. ತೀರಿಕೊಂಡ ಗಂಡನ ಮೀನು ಬಲೆ, ಬಣ್ಣ ಹೋದ ದೋಣಿಯ ಹುಟ್ಟು, ಒಂದು ಹಳೆಯ ಫ್ರಿಜ್ಜು. ಪ್ರವಾಸಿಗರಿಗೆ ಯಾಕೆ ಕೊಡಲಿಲ್ಲ ಅಂತ ಕೇಳಿದೆ. ಅವರಿಗೆ ಚಕ್ರದ ಸೂಟ್‌ಕೇಸಿನ ಸದ್ದು ಆಗುವುದಿಲ್ಲವಂತೆ, ರಾತ್ರಿ ಎರಡಕ್ಕೆ ಮೆಟ್ಟಿಲಿನ ಮೇಲೆ ಟಕಟಕ ಅಂತ. ಆಮೇಲೆ ಗೋಡೆಯ ಮೇಲಿನ ಫೋಟೋ ತೋರಿಸಿದರು. ಅವರ ಅಣ್ಣ, ಹತ್ತೊಂಬತ್ತರ ಹುಡುಗ, ಅಳತೆಗೆ ದೊಡ್ಡದಾದ ಕೋಟು. 1960ರ ದಶಕದಲ್ಲಿ ಮೆಲ್ಬರ್ನಿಗೆ ಹೋದವನು. "ಮೊದಲ ವರ್ಷ ಅವನಿಗೆ ಕೋಣೆ ಕೊಟ್ಟವಳು ಒಬ್ಬಳು ಇಟಲಿಯ ಹೆಂಗಸು," ಅಂದರು. ಅಷ್ಟೇ ಹೇಳಿದ್ದು. ಬಾಡಿಗೆಯನ್ನೇನೂ ಬಿಡಲಿಲ್ಲ, ಎಷ್ಟು ಅಂತ ಬೆರಳು ಎಣಿಸಿ ಸರಿಯಾಗಿಯೇ ಹೇಳಿದರು; ಬಲೆಗಳನ್ನು ಎಸೆಯಬಾರದು ಎಂದು ಷರತ್ತೂ ಹಾಕಿದರು. ಆ ಬಲೆಗಳು ಈಗಲೂ ನಮ್ಮ ಮಂಚದ ಕೆಳಗಿವೆ, ರಟ್ಟಿನ ಡಬ್ಬಗಳ ಪಕ್ಕ.

ಈ ದ್ವೀಪದ ಕತೆಯೇ ಹಾಗೆ. ಕೆಳಗಿನ ಎರ್ಮೂಪೊಲಿ ಇದೆಯಲ್ಲ, ಅಮೃತಶಿಲೆ ಹಾಸಿದ ಚೌಕ, ಅರಮನೆಯಂಥ ಪುರಭವನ, 1864ರ ಅಪೊಲೊ ಥಿಯೇಟರು, ಅದನ್ನು ಕಟ್ಟಿದವರು ನಿರಾಶ್ರಿತರು. 1820ರ ದಶಕದ ಸ್ವಾತಂತ್ರ್ಯ ಯುದ್ಧದಲ್ಲಿ ಖಿಯೊಸ್, ಪ್ಸಾರಾ ಮೊದಲಾದ ದ್ವೀಪಗಳಿಂದ ಜೀವ ಉಳಿಸಿಕೊಂಡು ಓಡಿಬಂದವರು. ಗುಡ್ಡದ ಮೇಲಿನವರಿಗೆ ಅವರೂ ಕ್ಸೆನಿಗಳೇ ಆಗಿದ್ದಿರಬೇಕು. ಅದೇ ಗುಡ್ಡದಲ್ಲಿ 1905ರಲ್ಲಿ ಹುಟ್ಟಿದ ಮಾರ್ಕೊಸ್ ವಂವಕಾರಿಸ್ ಎಂಬ ಹಾಡುಗಾರ ಸಣ್ಣ ವಯಸ್ಸಿಗೇ ಪಿರೇಯಸ್‌ಗೆ ಹೋಗಿ ಬಂದರಿನಲ್ಲಿ ಕಲ್ಲಿದ್ದಲು ಹೊತ್ತ. ಆಮೇಲೆ ಇಡೀ ಗ್ರೀಸು ಅವನು ಸೀರೊಸ್ಸಿನ ಹುಡುಗಿಯ ಮೇಲೆ ಕಟ್ಟಿದ ಹಾಡು ಹಾಡಿತು. ಯಾಯಾಳ ಮನೆಯಿಂದ ನಾಲ್ಕು ತಿರುವು ಮೇಲೆ ಅವನ ಮ್ಯೂಸಿಯಂ ಇದೆ, ಊರಿಗೆ ಬಂದವರೆಲ್ಲ ಅದರ ದಾರಿ ನನ್ನನ್ನೇ ಕೇಳುತ್ತಾರೆ. ಹೇಳುತ್ತೇನೆ. ಸೀರೆಯುಟ್ಟವಳು ದಾರಿ ಹೇಳುವುದನ್ನು ಕೇಳಿ ಅಥೆನ್ಸಿನವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಜೂನ್ ಒಂದರಂದು ಸಾಮಾನು ಹೊತ್ತೆವು. ಟೆಂಪೋ ಊರಬಾಗಿಲವರೆಗೆ, ಅಲ್ಲಿಂದ ನೂರಾರು ಮೆಟ್ಟಿಲು. ಬಾಂಗ್ಲಾದ ಹುಡುಗ ಮತ್ತವನ ಇಬ್ಬರು ಗೆಳೆಯರು ಬಂದು ಮಿಕ್ಸಿ, ಕುಕ್ಕರು, ಅಕ್ಕಿಮೂಟೆ ಹೊತ್ತರು. ಹಣ ತಗೊಳ್ಳದೆ ಊಟ ಮಾಡಿಕೊಂಡು ಹೋದರು. ಎದುರು ಸಿಕ್ಕವರೆಲ್ಲ ಬದಿಗೆ ಸರಿದು 'ಕಾಲೊ ಕಾಲೊಕೇರಿ' ಅಂದರು, ಒಳ್ಳೆಯ ಬೇಸಿಗೆಯಾಗಲಿ ಅಂತ. ಅದೇ ಹೊತ್ತಿಗೆ ಅಮ್ಮನ ಫೋನು. "ಅಲ್ಲಿ ಮಳೆ ಶುರುವಾತಾ ಕೂಸೇ?" ಇಲ್ಲಿ ಜೂನ್‌ನಲ್ಲಿ ಮಳೆ ಇಲ್ಲವಮ್ಮಾ, ಇನ್ನು ಚಳಿಗಾಲದ ಹೊತ್ತಿಗೇ ಅಂದರೆ ಅವಳಿಗೆ ನಂಬಿಕೆಯಿಲ್ಲ. ಜೂನ್‌ನಲ್ಲಿ ಮಳೆ ಬಾರದ ಊರು ಅವಳ ಲೆಕ್ಕದಲ್ಲಿ ಊರೇ ಅಲ್ಲ.

ನೀರಿನ ವಿಷಯಕ್ಕೆ ಬಂದರೆ ನಾನು ಮುಂಬಯಿಯವಳೇ. ಹಳೆಯ ಮನೆಗಳ ಅಡಿಯಲ್ಲಿ ಸ್ತೇರ್ನಾ ಅಂತ ತೊಟ್ಟಿ ಇರುತ್ತದೆ. ಚಳಿಗಾಲದಲ್ಲಿ ತಾರಸಿಯ ಮೇಲೆ ಬಿದ್ದ ಮಳೆಯೆಲ್ಲ ಅದರೊಳಗೆ. ನಲ್ಲಿಯಲ್ಲಿ ಬರುವುದು ಸಮುದ್ರದ ನೀರಿನ ಉಪ್ಪು ತೆಗೆದದ್ದು. ಯಾಯಾ ತೊಟ್ಟಿಯ ಮುಚ್ಚಳ ತೆಗೆದು ಕೊಡ ಇಳಿಸಿ ನೋಡಿ, ಆಗಸ್ಟಿನವರೆಗೆ ಬರುತ್ತದೆ ಅಂತ ಹೇಳುತ್ತಾರೆ. ಸೊಪ್ಪು ತೊಳೆದ ನೀರನ್ನು ನಾನು ತುಳಸಿ ಡಬ್ಬಿಗೆ ಹಾಕುವುದನ್ನು ಕಂಡ ದಿನ ಅವರು ನನ್ನ ಬೆನ್ನು ತಟ್ಟಿದರು. ಅದು ಚಾಳಿನಲ್ಲಿ ಕಲಿತ ವಿದ್ಯೆ, ಯಾಯಾ ಅಂತ ಹೇಳಲು ನನಗೆ ಗ್ರೀಕು ಸಾಲಲಿಲ್ಲ.

ಆ ಜೂನ್ ಎರಡನೇ ವಾರ ಗ್ರೀಸು ಸುಟ್ಟುಹೋಯಿತು. ಅಥೆನ್ಸಿನಲ್ಲಿ ನಲವತ್ತು ಡಿಗ್ರಿ ದಾಟಿ ಅಕ್ರೊಪೊಲಿಸನ್ನು ಮಧ್ಯಾಹ್ನದ ಹೊತ್ತು ಮುಚ್ಚಿಟ್ಟರು. ಯಾಯಾ ಮತ್ತು ನಾನು ಕೆಳಗಿನ ಕೋಣೆಯ ಕಲ್ಲುನೆಲದ ಮೇಲೆ ಒದ್ದೆ ಬಟ್ಟೆ ಹಾಸಿ ಕೂತು ಕಾಪರಿಯ ನೀರು ಬದಲಿಸಿದೆವು. ಜೂನ್ 23ರ ರಾತ್ರಿ, ಸಂತ ಜಾನನ ಹಬ್ಬದ ಹಿಂದಿನ ದಿನ, ಬಾಗಿಲಿನ ಒಣಗಿದ ಹೂಹಾರಗಳನ್ನೆಲ್ಲ ಬೀದಿಯಲ್ಲಿ ರಾಶಿ ಹಾಕಿ ಸುಡುತ್ತಾರೆ, ಜನ ಆ ಬೆಂಕಿಯನ್ನು ಮೂರು ಸಲ ಹಾರುತ್ತಾರೆ. ನಮ್ಮ ಹಳೆಯ ಮನೆಯ ಬಾಗಿಲಿನ ಹಾರವನ್ನು ನಾನು ಬಿಟ್ಟುಬರದೆ ಮೂಟೆಯಲ್ಲೇ ತಂದಿದ್ದೆ. ಅದನ್ನೂ ಹಾಕಿದೆವು. ನಮ್ಮವರು ಪ್ಯಾಂಟು ಮಡಚಿ ಹಾರಿದರು. ನಾನು ಸೀರೆ ಎಂಬ ನೆಪ ಹೇಳಿ ಪಕ್ಕಕ್ಕೆ ನಿಂತೆ.

ಇದು ನಾವು ಯಾಯಾಳ ಮನೆಗೆ ಬಂದ ಕತೆ. ಅವರ ಮೊಮ್ಮಗ ಅಥೆನ್ಸಿನಲ್ಲಿದ್ದಾನೆ, ಒಳ್ಳೆಯ ಹುಡುಗ, ನಮಗೆ ನಮಸ್ಕಾರ ಅಂತ ಕೈ ಮುಗಿಯುವುದನ್ನೂ ಕಲಿತಿದ್ದಾನೆ. ಕಳೆದ ಸಲ ಬಂದಾಗ ಕೆಳಗಿನ ಕೋಣೆಯ ಅಳತೆ ತೆಗೆದುಕೊಂಡು ಹೋದ. ಯಾಕೆ ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಯಾಯಾ ಮಾತ್ರ ಅವನು ಹೋದ ಮೇಲೆ, "ನನ್ನ ಕಾಲದವರೆಗೆ ಬಲೆ ಅಲ್ಲೇ ಇರಲಿ," ಅಂದರು. ಬಲೆಯ ಬಗ್ಗೆ ಅಂದದ್ದೋ ನಮ್ಮ ಬಗ್ಗೆಯೋ.

ಈಗ ಮಧ್ಯಾಹ್ನ ಮೂರು ದಾಟಿದೆ. ಬೇಸಿಗೆಯಲ್ಲಿ ಮೂರರಿಂದ ಐದೂವರೆಯವರೆಗೆ ಸದ್ದು ಮಾಡಬಾರದೆಂದು ಇಲ್ಲಿ ಕಾನೂನೇ ಇದೆ. ಮೂರು ವರ್ಷದ ಬಾಡಿಗೆಯ ಕಾನೂನಿನ ಹಾಗಲ್ಲ, ಇದನ್ನು ಎಲ್ಲರೂ ಪಾಲಿಸುತ್ತಾರೆ. ಗೋಣಿಸೊಪ್ಪು ಹುರಿದಿಟ್ಟಿದ್ದೇನೆ, ತೆಂಗಿನಕಾಯಿಯೂ ಸಿಕ್ಕಿದೆ. ಮಿಕ್ಸಿಗೆ ಹಾಕಲು ಇನ್ನೂ ಎರಡು ಗಂಟೆ ಕಾಯಬೇಕು.